ಹಿಮಾಲಯನ್ 411ರ ಫ್ರಂಟ್ ಫೋರ್ಕ್ ಸ್ಪ್ರಿಂಗ್: ಒಳಗೆ ಯಾವುದಿದೆ ಅಂತ ಗುರುತಿಸಿ, ಅಳೆದು, ಬದಲಾಯಿಸೋದು ಹೇಗೆ

ಶಿರಾಡಿ ಘಾಟಿ ಇಳೀವಾಗ ಹಿಂದೆ ಮನೆಯವಳು, ಎರಡೂ ಪಕ್ಕ ಲಗೇಜು, ತಿರುವಿಗೆ ಮುಂಚೆ ಫ್ರಂಟ್ ಬ್ರೇಕ್ ಹಿಡಿದ ತಕ್ಷಣ ಬೈಕಿನ ಮುಂಭಾಗ ಪೂರ್ತಿ ಕುಸಿದು ಕೂತ್ಬಿಡೋದು, ಅದೇ ಟೈಮಿಗೆ ಒಂದು ಗುಂಡಿ ಸಿಕ್ಕಿದ್ರೆ ಹ್ಯಾಂಡಲ್‌ವರೆಗೂ 'ಡಬ್' ಅಂತ ಹೊಡೆತ. ಫೋರ್ಕ್, ಅಂದ್ರೆ ಮುಂದಿನ ಚಕ್ರ ಹಿಡಿದಿರೋ ಆ ಎರಡು ಸಸ್ಪೆನ್ಷನ್ ಕಾಲು, ತಳ ಮುಟ್ಟಿದಾಗ ಬರೋ ಸದ್ದು ಅದು. ಒಂದು ಗ್ಯಾರೇಜಲ್ಲಿ ತೋರಿಸ್ದೆ, "ಆಯಿಲ್ ದಪ್ಪದ್ದು ಹಾಕ್ತೀನಿ ಸಾರ್, ಸರಿ ಹೋಗತ್ತೆ" ಅಂದ್ರು, ಹಾಕಿದ್ರು. ಬ್ರೇಕ್ ಹಿಡಿದಾಗ ಕುಸಿಯೋದು ಸ್ವಲ್ಪ ನಿಧಾನ ಆಯ್ತು ಅಷ್ಟೇ, ಕುಸಿಯೋದು ಮಾತ್ರ ಅಷ್ಟೇ ಆಳಕ್ಕೆ, ಮೇಲಿಂದ ಸಣ್ಣ ಸಣ್ಣ ಜಲ್ಲಿ ಕಲ್ಲಿಗೂ ಕೈ ಅದುರೋಕೆ ಶುರುವಾಯ್ತು. ಆಮೇಲೆ ಕೂತು ಓದಿ, ಅಳೆದು, ನಾನೇ ಬಿಚ್ಚಿ ಸ್ಪ್ರಿಂಗ್ ಬದಲಾಯಿಸಿದ ಮೇಲೆ ಗೊತ್ತಾಗಿದ್ದು, ಭಾರ ಹೊರೋದು ಸ್ಪ್ರಿಂಗು, ಆಯಿಲ್ ಅಲ್ಲ. ಆಯಿಲ್ ಬರೀ ವೇಗ ಕಂಟ್ರೋಲ್ ಮಾಡತ್ತೆ.

ಅದಕ್ಕೇ ಇಷ್ಟು ಉದ್ದಕ್ಕೆ ಬರೀತಿದೀನಿ. ಬಹಳ ಜನ ಮೊದಲು ಸ್ಪ್ರಿಂಗ್ ಕೊಂಡ್ಕೊಂಡು ಆಮೇಲೆ ಯೋಚನೆ ಮಾಡ್ತಾರೆ, ನಾನು ಹೇಳೋದು ಉಲ್ಟಾ, ಮೊದಲು ನಿಮ್ಮ ಬೈಕ್ ಒಳಗೆ ಏನಿದೆ ಅಂತ ಅಳೀರಿ, ನಿಮ್ಮ ಭಾರ ಎಷ್ಟು ಬೀಳ್ತಿದೆ ಅಂತ ಅಳೀರಿ, ಆಮೇಲೆ ದುಡ್ಡು ಬಿಚ್ಚಿ.

ಯಾವ ಬೈಕ್‌ಗೆ ಇದು ಅನ್ವಯ ಆಗತ್ತೆ

ನಾನು ಹೇಳ್ತಿರೋದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಇಟ್ಕೊಂಡು. 2016ರಲ್ಲಿ ಬಂದ ಬೈಕು, ಮುಂದೆ 41 ಎಂಎಂ ಟೆಲಿಸ್ಕೋಪಿಕ್ ಫೋರ್ಕ್, 200 ಎಂಎಂ ಟ್ರಾವೆಲ್ (ಫೋರ್ಕ್ ಒಟ್ಟು ಎಷ್ಟು ಕುಗ್ಗಬಲ್ಲದು ಅನ್ನೋ ಅಳತೆ), 21 ಇಂಚಿನ ಚಕ್ರ. ಫೋರ್ಕ್ ಮೇಲೆ ಹೊರಗಿಂದ ಅಡ್ಜಸ್ಟ್ ಮಾಡೋಕೆ ಏನೂ ಇಲ್ಲ, ಏನೇ ಮಾಡೋದಿದ್ರೂ ಬಿಚ್ಚಲೇಬೇಕು. ಇಂಟರ್‌ಸೆಪ್ಟರ್ 650ರದ್ದೂ 41 ಎಂಎಂ ಫೋರ್ಕೇ, ಆದ್ರೆ ಟ್ರಾವೆಲ್ 110 ಎಂಎಂ ಮಾತ್ರ, ಹಾಗಾಗಿ ಪೈಪ್ ಸೈಜ್ ಒಂದೇ ಅಂತ ಅದರ ಸ್ಪ್ರಿಂಗ್ ಇದಕ್ಕೆ ಹಾಕೋಕೆ ಹೋಗ್ಬೇಡಿ. ಕೆಲಸ ಮಾಡೋ ರೀತಿ ಮಾತ್ರ ಹೆಚ್ಚು ಕಮ್ಮಿ ಒಂದೇ.

ಹಿಮಾಲಯನ್ 450, 2019ರ ನಂತರದ ಡೊಮಿನಾರ್ 400, ಇವಕ್ಕೆಲ್ಲ ಯುಎಸ್‌ಡಿ ಫೋರ್ಕ್, ಅಂದ್ರೆ ದಪ್ಪ ಪೈಪು ಮೇಲೆ, ಸಣ್ಣದು ಕೆಳಗೆ. ಕಾರ್ಟ್ರಿಜ್ ಇರೋ ಫೋರ್ಕ್‌ಗಳಲ್ಲಿ ಕ್ಯಾಪು, ಅಂದ್ರೆ ಪೈಪಿನ ಮೇಲ್ತುದಿಯ ಮುಚ್ಚಳ, ಒಳಗಿನ ರಾಡ್‌ಗೆ ಲಾಕ್‌ನಟ್ ಹಾಕಿ ಕೂತಿರತ್ತೆ, ಸ್ಪ್ರಿಂಗ್ ಒತ್ತಿ ಹಿಡಿಯೋ ಟೂಲ್ ಬೇಕು, ಕೆಲವು ಮಾಡೆಲ್‌ಗಳಲ್ಲಂತೂ ಸ್ಪ್ರಿಂಗ್ ಒಂದೇ ಕಾಲಲ್ಲಿರತ್ತೆ. ಅವಕ್ಕೆ ಇಲ್ಲಿರೋ ಅಳತೆ, ಲೆಕ್ಕ ಉಪಯೋಗಕ್ಕೆ ಬರತ್ತೆ, ಬಿಚ್ಚೋ ವಿಧಾನ ಬರಲ್ಲ.

ಮೊದಲ ಕೆಲಸ: ಬಿಚ್ಚದೇ ಸ್ಯಾಗ್ ಅಳೆಯೋದು

ಸ್ಯಾಗ್ ಅಂದ್ರೆ ಬೈಕು ತನ್ನ ಭಾರಕ್ಕೆ ಮತ್ತೆ ನಿಮ್ಮ ಭಾರಕ್ಕೆ ಎಷ್ಟು ಕೆಳಗೆ ಕೂರತ್ತೆ ಅನ್ನೋ ಅಳತೆ. ಟೇಪು, ಪೆನ್ನು, ಒಬ್ಬ ಫ್ರೆಂಡು ಇದ್ರೆ ಸಾಕು.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿಂದ ಒಬ್ರು ಅದುಮಿ ಹಿಡಿದು ಮುಂದಿನ ಚಕ್ರ ನೆಲ ಬಿಡೋ ಹಾಗೆ ಮಾಡಿ. ಆಗ ಫೋರ್ಕ್ ಪೂರ್ತಿ ಚಾಚಿರತ್ತೆ. ಗೇಟರ್ ಅಂದ್ರೆ ಆ ರಬ್ಬರ್ ಬುರ್ಖಾ ಇರೋದ್ರಿಂದ ಪೈಪು ಕಾಣಲ್ಲ, ಹಾಗಾಗಿ ಚಕ್ರದ ಆಕ್ಸಲ್ ಮಧ್ಯದಿಂದ ಬಾಟಮ್ ಟಿ (ಫೋರ್ಕಿನ ಎರಡು ಪೈಪನ್ನ ಹಿಡಿದಿರೋ ಕೆಳಗಿನ ಅಡ್ಡಪಟ್ಟಿ, ಮೇಲಿನದು ಟಾಪ್ ಟಿ) ಕೆಳ ಅಂಚಿನವರೆಗೆ ಫೋರ್ಕ್ ಉದ್ದಕ್ಕೇ ಅಳೆದು ಬರ್ಕೊಳಿ. ಇದು ಮೊದಲನೇ ಅಳತೆ. ಆಮೇಲೆ ಸ್ಟ್ಯಾಂಡ್ ತೆಗೆದು, ಜಾಕೆಟ್ಟು ಹೆಲ್ಮೆಟ್ಟು ಎಲ್ಲ ಹಾಕ್ಕೊಂಡು, ಟೂರಿಗೆ ಹೋಗುವಾಗ ಎಷ್ಟು ಲಗೇಜ್ ಇರತ್ತೋ ಅಷ್ಟನ್ನೂ ಕಟ್ಟಿ, ಫುಟ್‌ರೆಸ್ಟ್ ಮೇಲೆ ಕಾಲಿಟ್ಟು ಕೂತ್ಕೊಳಿ, ಇನ್ನೊಬ್ರು ಬೈಕ್ ನೆಟ್ಟಗೆ ಹಿಡ್ಕೊಂಡಿರ್ಲಿ. ಮುಂಭಾಗನ ಕೈಯಲ್ಲಿ ಕೆಳಗೆ ಒತ್ತಿ ನಿಧಾನಕ್ಕೆ ಬಿಟ್ಟು ಒಂದು ಅಳತೆ, ಮೇಲಕ್ಕೆ ಎತ್ತಿ ನಿಧಾನಕ್ಕೆ ಬಿಟ್ಟು ಇನ್ನೊಂದು ಅಳತೆ. ಈ ಎರಡು ಒಂದೇ ಬರಲ್ಲ, ಸೀಲು ಬುಶ್ಶುಗಳ ಹಿಡಿತದಿಂದ ಸ್ವಲ್ಪ ವ್ಯತ್ಯಾಸ ಇದ್ದೇ ಇರತ್ತೆ, ಎರಡರ ಸರಾಸರಿ ತಗೊಂಡು ಮೊದಲನೇ ಅಳತೆಯಿಂದ ಕಳೀರಿ. ಅದೇ ರೈಡರ್ ಸ್ಯಾಗ್. ನೀವು ಕೂರದೇ ಬರೀ ಬೈಕಿಂದು ಅಳೆದ್ರೆ ಅದು ಫ್ರೀ ಸ್ಯಾಗ್. ಒತ್ತಿದ್ದು ಎತ್ತಿದ್ದರ ನಡುವೆ 15-20 ಎಂಎಂಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಫೋರ್ಕ್ ಎಲ್ಲೋ ಬಿಗಿ ಹಿಡೀತಿದೆ ಅಂತ, ಸ್ಪ್ರಿಂಗ್‌ಗಿಂತ ಮುಂಚೆ ಅದನ್ನ ನೋಡಿ, ಪೈಪ್ ಬೆಂಡ್ ಆಗಿರಬಹುದು ಅಥವಾ ಆಕ್ಸಲ್ ಸರಿಯಾಗಿ ಕೂತಿರಲ್ಲ.

ಟೂರಿಂಗಿಗೆ ರೈಡರ್ ಸ್ಯಾಗ್ ಒಟ್ಟು ಟ್ರಾವೆಲ್‌ನ ನಾಲ್ಕನೇ ಒಂದು ಭಾಗದಿಂದ ಮೂರನೇ ಒಂದು ಭಾಗದ ಒಳಗಿರಬೇಕು. 200 ಎಂಎಂ ಟ್ರಾವೆಲ್‌ಗೆ 50ರಿಂದ 65. 75, 80 ಬಂತು ಅಂದ್ರೆ ನೀವು ರಸ್ತೆಗಿಳಿಯೋ ಮುಂಚೆನೇ ಫೋರ್ಕಿನ ಶೇಕಡಾ 40ರ ಹತ್ರ ಟ್ರಾವೆಲ್ ಮುಗಿದುಹೋಗಿದೆ.

ಇನ್ನೊಂದು ಚೆಕ್, ಗೇಟರ್ ಕೆಳಗಿನ ಕ್ಲಿಪ್ ಬಿಚ್ಚಿ ಮೇಲೆ ಸರಿಸಿ ಪೈಪಿಗೆ ಒಂದು ಜಿಪ್ ಟೈ ಸುತ್ತಿ ಡಸ್ಟ್ ಸೀಲ್‌ವರೆಗೆ ತಳ್ಳಿಬಿಡಿ. ನಿಮ್ಮ ದಿನದ ರಸ್ತೆಯಲ್ಲೇ ಒಂದು ರೌಂಡ್ ಹೋಗಿ ಬನ್ನಿ, ಟೈ ಎಲ್ಲಿವರೆಗೆ ಸರಿದಿದೆ ಅಂತ ನೋಡಿದ್ರೆ ಎಷ್ಟು ಟ್ರಾವೆಲ್ ಖರ್ಚಾಯ್ತು ಅಂತ ಗೊತ್ತಾಗತ್ತೆ. ಸಾಧಾರಣ ರೋಡ್ ಹಂಪ್ ದಾಟಿದ್ದಕ್ಕೇ ಟೈ ಪೂರ್ತಿ ಮೇಲೆ ಹೋಗ್ತಿದ್ರೆ ಸ್ಪ್ರಿಂಗ್ ನಿಮಗೆ ಮೆತ್ತಗಾಯ್ತು. ಕೆಟ್ಟ ರಸ್ತೆಯಲ್ಲೂ ಅರ್ಧಕ್ಕಿಂತ ಮುಂದೆ ಹೋಗ್ತಿಲ್ಲ ಅಂದ್ರೆ ಸ್ಪ್ರಿಂಗ್ ಗಟ್ಟಿ, ಅಥವಾ ಹಿಂದಿನ ಓನರ್ ಆಯಿಲ್ ಜಾಸ್ತಿ ತುಂಬಿಸಿಟ್ಟಿದಾರೆ.

ಮುಂದೆ ಎಷ್ಟು ಭಾರ ಬೀಳ್ತಿದೆ

ಮನೇಲಿ ತೂಕ ನೋಡೋ ಮೆಷಿನ್ ಇದ್ರೆ ಮುಂದಿನ ಚಕ್ರ ಅದರ ಮೇಲೆ ನಿಲ್ಲಿಸಿ, ಹಿಂದಿನ ಚಕ್ರದ ಕೆಳಗೆ ಅಷ್ಟೇ ಎತ್ತರದ ಹಲಗೆ ಇಡಿ, ಕೂತ್ಕೊಂಡು ನೋಡಿ. ಮೆಷಿನ್ ಎಷ್ಟು ಕೆಜಿವರೆಗೆ ತಡಿಯತ್ತೆ ಅಂತ ಮೊದ್ಲೇ ನೋಡ್ಕೊಳಿ. ಬಂದ ತೂಕದಲ್ಲಿ ಚಕ್ರ, ಡಿಸ್ಕು, ಬ್ರೇಕ್ ಕ್ಯಾಲಿಪರ್, ಫೋರ್ಕ್ ಬಾಟಮ್ (ಕೆಳಗಿನ ದಪ್ಪ ಕೊಳವೆ) ಇವುಗಳ ತೂಕ ಕಳೀಬೇಕು, ಯಾಕಂದ್ರೆ ಅವನ್ನ ಸ್ಪ್ರಿಂಗ್ ಹೊರಲ್ಲ, ನಾನು ಅಂದಾಜು 18 ಕೆಜಿ ಹಿಡೀತೀನಿ. 128 ತೋರಿಸಿದ್ರೆ ಸ್ಪ್ರಿಂಗ್ ಮೇಲೆ ಬೀಳ್ತಿರೋದು 110.

ಇಲ್ಲಿ ಒಂದು ಮಾತು. ಹಿಂದೆ ಕೂತವರು ಮತ್ತೆ ಪ್ಯಾನಿಯರ್ ಲಗೇಜು ಬಹುಪಾಲು ಹಿಂದಿನ ಚಕ್ರದ ಮೇಲೇ ಬೀಳೋದು, ಮುಂದಕ್ಕೆ ಬರೋದು ಬ್ರೇಕ್ ಹಾಕಿದಾಗ. ಆದ್ರೆ ಟ್ಯಾಂಕ್ ಪಕ್ಕದ ರಾಕಿಗೆ ಜೆರ್ರಿಕ್ಯಾನ್ ಕಟ್ಟೋರು, ಕ್ರ್ಯಾಶ್ ಗಾರ್ಡು ಎಕ್ಸ್‌ಟ್ರಾ ಲೈಟು ಹಾಕಿರೋರು, ಆ ಭಾರ ನೇರ ಮುಂದೆ ಬೀಳತ್ತೆ. ಲಡಾಖ್‌ಗೆ ಅಂತ ಎಲ್ಲ ಕಟ್ಕೊಂಡು ಹೋಗೋರು ಅಳೀವಾಗಲೂ ಎಲ್ಲ ಕಟ್ಟಿ ಅಳೀರಿ.

ಏನೇನು ಬೇಕು

ಸರಿಯಾದ ಸೈಜಿನ ಸಾಕೆಟ್ಟು, ಅಲೆನ್ ಕೀ ಸೆಟ್ಟು, ಟಾರ್ಕ್ ರೆಂಚ್, ವರ್ನಿಯರ್ ಕ್ಯಾಲಿಪರ್, ಜಾಕ್, ಅಳತೆ ಜಾರು, ಒಂದು ದೊಡ್ಡ ಸಿರಿಂಜು ಜೊತೆಗೆ ಅಕ್ವೇರಿಯಂ ಟ್ಯೂಬು, ಹಳೇ ಬಟ್ಟೆ, ನ್ಯೂಸ್ ಪೇಪರ್, ಹೊಸ ಫೋರ್ಕ್ ಆಯಿಲ್, ಕ್ಯಾಪಿನ ಓ-ರಿಂಗ್ ಎರಡು. ನಿಮ್ಮ ಮಾಡೆಲ್ ವರ್ಷದ ಸರ್ವಿಸ್ ಮ್ಯಾನುಯಲ್ ಇಲ್ಲದೇ ಶುರು ಮಾಡ್ಬೇಡಿ, ಟಾರ್ಕ್ ಅಳತೆ, ಆಯಿಲ್ ಲೆವೆಲ್, ಸ್ಪ್ರಿಂಗ್ ಉದ್ದದ ಲಿಮಿಟ್ ಎಲ್ಲ ಅದರಿಂದಲೇ ತಗೊಬೇಕು. ಓ-ರಿಂಗು, ಆಯಿಲ್ ಸೀಲು ಬೆಂಗಳೂರಲ್ಲಾದ್ರೆ ಜೆ.ಸಿ. ರೋಡ್ ಕಡೆ ಹಳೇದನ್ನ ಕೈಯಲ್ಲಿ ಹಿಡ್ಕೊಂಡು ಹೋಗಿ ಹೊಂದಿಸಿ ತರೋದು ಒಳ್ಳೇದು.

ಬಿಚ್ಚೋದು

ಕ್ರಮ ಇಲ್ಲಿ ಮುಖ್ಯ. ಚಕ್ರ ನೆಲದ ಮೇಲಿರುವಾಗಲೇ ಆಕ್ಸಲ್ ನಟ್ಟು, ಕ್ಯಾಲಿಪರ್ ಬೋಲ್ಟು ಸ್ವಲ್ಪ ಸಡಿಲ ಮಾಡ್ಕೊಳಿ, ಗಾಳಿಯಲ್ಲಿರೋ ಬೈಕ್ ಮೇಲೆ ಬಲ ಹಾಕೋದು ಅಪಾಯ. ಆಮೇಲೆ ಟಾಪ್ ಟಿ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಅದಾದ ಮೇಲೆ ಫೋರ್ಕ್ ಕ್ಯಾಪು ಕಾಲು ಸುತ್ತು ಸಡಿಲಿಸಿ. ಕ್ಲಾಂಪ್ ಬಿಗಿಯಾಗಿರುವಾಗ ಕ್ಯಾಪ್ ತಿರುಗಿಸಿದ್ರೆ ಪೈಪು ಅದುಮಿಕೊಂಡಿರತ್ತೆ, ಥ್ರೆಡ್ ಹಾಳಾಗತ್ತೆ. ಪೂರ್ತಿ ಕೆಳಗಿಳಿಸಿದ ಮೇಲೆ ಕ್ಯಾಪ್ ಬಿಚ್ಚೋಣ ಅಂದ್ರೆ ಉರುಟು ಪೈಪನ್ನ ಹಿಡಿಯೋಕೆ ಜಾಗನೇ ಇರಲ್ಲ, ವೈಸಲ್ಲಿ ಕಚ್ಚಿಸಿ ಪೈಪ್ ಗೀರು ಬಿದ್ದು ಆಯಿಲ್ ಸೀಲ್ ಲೀಕ್ ಆಗೋದು ಹೀಗೇನೇ. ಹ್ಯಾಂಡಲ್ ಅಡ್ಡ ಬರ್ತಿದ್ರೆ ಅದರ ಕ್ಲಾಂಪ್ ಬಿಚ್ಚಿ ಟ್ಯಾಂಕ್ ಮೇಲೆ ದಪ್ಪ ಬಟ್ಟೆ ಹಾಕಿ ಹಿಂದಕ್ಕೆ ಒರಗಿಸಿ, ಬ್ರೇಕ್ ಆಯಿಲ್ ಡಬ್ಬಿ ನೆಟ್ಟಗೇ ಇರ್ಲಿ.

ಈಗ ಸೆಂಟರ್ ಸ್ಟ್ಯಾಂಡ್, ಎಂಜಿನ್ ಕೆಳಗೆ ಫ್ರೇಮಿಗೆ ಜಾಕ್, ಮಧ್ಯೆ ಮರದ ತುಂಡು. ಬೈಕ್ ಅಲ್ಲಾಡಿಸಿ ನೋಡಿ, ಗಟ್ಟಿಯಾಗಿ ನಿಂತಿದೆ ಅಂತ ಮನಸ್ಸಿಗೆ ಸಮಾಧಾನ ಆಗೋವರೆಗೂ ಚಕ್ರ ತೆಗೀಬೇಡಿ. ಎಬಿಎಸ್ ಇದ್ರೆ ಸೆನ್ಸರ್ ವೈರ್ ಕ್ಲಿಪ್ ಬಿಚ್ಚಿ, ಸೆನ್ಸರ್ ಜೋಪಾನವಾಗಿ ತೆಗೆದಿಡಿ. ಕ್ಯಾಲಿಪರ್‌ನ ಬ್ರೇಕ್ ಹೋಸಿಂದ ನೇತಾಡಿಸ್ಬೇಡಿ, ತಂತಿ ಕಟ್ಟಿ ಫ್ರೇಮಿಗೆ ತೂಗಿಸಿ, ಪ್ಯಾಡ್‌ಗಳ ಮಧ್ಯೆ ರಟ್ಟಿನ ತುಂಡು ಸೇರಿಸಿ, ಆಮೇಲೆ ಯಾರೂ ಬ್ರೇಕ್ ಲಿವರ್ ಮುಟ್ಟಬಾರದು. ಮನೇಲಿ ಮಕ್ಕಳಿದ್ರೆ ಲಿವರ್ ಮೇಲೆ ಒಂದು ಟೇಪ್ ಸುತ್ತಿ. ಚಕ್ರ, ಮಡ್‌ಗಾರ್ಡ್ ತೆಗೀರಿ.

ಟಾಪ್ ಟಿ ಮೇಲೆ ಪೈಪು ಎಷ್ಟು ಎತ್ತರಕ್ಕೆ ಕಾಣ್ತಿದೆ ಅಂತ ವರ್ನಿಯರಲ್ಲಿ ಅಳೆದು ಬರ್ಕೊಳಿ, ವಾಪಸ್ ಹಾಕುವಾಗ ಅಷ್ಟೇ ಇರಬೇಕು. ಬಾಟಮ್ ಟಿ ಬೋಲ್ಟ್ ಸಡಿಲಿಸಿ ಪೈಪನ್ನ ತಿರುಚ್ತಾ ಕೆಳಗೆ ಎಳೀರಿ. ಒಂದು ಕಾಲು ಮುಗಿಸಿ ಆಮೇಲೆ ಇನ್ನೊಂದು ಬಿಚ್ಚಿದ್ರೆ ಒಳಗಿನ ಜೋಡಣೆ ಮರೆತ್ರೂ ನೋಡ್ಕೊಳೋಕೆ ಇನ್ನೊಂದು ಇರತ್ತೆ.

ಕ್ಯಾಪ್ ಪೂರ್ತಿ ಬಿಚ್ಚುವಾಗ ಫೋರ್ಕ್ ಪೂರ್ತಿ ಚಾಚಿರಲಿ, ನೆಟ್ಟಗೆ ನಿಲ್ಲಿಸಿ, ಮುಖ ಮೇಲೆ ತರಬೇಡಿ. ಸ್ಪ್ರಿಂಗ್ ಒತ್ತಡ ಕ್ಯಾಪ್ ಮೇಲೆ ಇರತ್ತೆ, ಕೊನೇ ಎರಡು ಥ್ರೆಡ್ ಬರುವಾಗ ಅಂಗೈಯಲ್ಲಿ ಬಟ್ಟೆ ಇಟ್ಟು ಕೆಳಗೆ ಅದುಮ್ತಾ ತಿರುಗಿಸಿ, ಥ್ರೆಡ್ ಬಿಟ್ಟಾಗ ಕೈಗೆ ಒಂದು ತಳ್ಳು ಬರತ್ತೆ, ನಿಧಾನಕ್ಕೆ ಬಿಡಿ. ಆಮೇಲೆ ಸ್ಪೇಸರ್ (ಸ್ಪ್ರಿಂಗ್ ಮತ್ತೆ ಕ್ಯಾಪ್ ನಡುವೆ ಕೂರೋ ಕೊಳವೆ ತುಂಡು), ವಾಷರ್, ಸ್ಪ್ರಿಂಗ್ ಯಾವ ಕ್ರಮದಲ್ಲಿ ಇದೆಯೋ ಅದೇ ಕ್ರಮದಲ್ಲಿ ಪೇಪರ್ ಮೇಲೆ ಸಾಲಾಗಿ ಇಟ್ಟು ಫೋಟೋ ತೆಗೀರಿ, ಸ್ಪ್ರಿಂಗಿನ ಯಾವ ತುದಿ ಮೇಲಿತ್ತು ಅಂತ ಟ್ಯಾಗ್ ಕಟ್ಟಿ.

ಆಯಿಲ್ ಜಾರಿಗೆ ಬೋರಲು ಹಾಕಿ ಎಂಟತ್ತು ಸಲ ಪಂಪ್ ಮಾಡಿ, ಹಾಗೇ ಒರಗಿಸಿಟ್ಟು ಟೀ ಕುಡ್ಕೊಂಡು ಬನ್ನಿ. ಬಂದ ಆಯಿಲ್‌ನ ನೋಡಿ. ಬೂದಿ ಬಣ್ಣ, ಬಿಸಿಲಿಗೆ ಹಿಡಿದ್ರೆ ಬೆಳ್ಳಿ ಪುಡಿ ತೇಲಿದ ಹಾಗೆ ಮಿನುಗ್ತಿದ್ರೆ ಬುಶ್ಶು, ಸ್ಪ್ರಿಂಗು ಉಜ್ಜಿ ಸವೆದಿದ್ದು. ಹಾಲು ಬೆರೆಸಿದ ಹಾಗಿದ್ರೆ ನೀರು ಸೇರಿದೆ, ಸೀಲ್ ಬದಲಾಯಿಸೋ ಟೈಮ್ ಬಂದಿದೆ, ಅದಕ್ಕೆ ಕೆಳಗಿನ ಅಲೆನ್ ಬೋಲ್ಟ್ ಬಿಚ್ಚಿ ಪೈಪು ಬಾಟಮ್ ಬೇರೆ ಮಾಡ್ಬೇಕು. ಬರೀ ಸ್ಪ್ರಿಂಗಿಗೆ ಅದು ಬೇಡ. ಒಳಗೆ ಗಲೀಜಿದ್ರೆ ಸ್ವಲ್ಪ ಹೊಸ ಫೋರ್ಕ್ ಆಯಿಲ್ಲೇ ಹಾಕಿ ಕಲಕಿ ಚೆಲ್ಲಿ, ಸೀಮೆಎಣ್ಣೆ ಹಾಕಿದ್ರೆ ಉಳಿದದ್ದು ಹೊಸ ಆಯಿಲ್‌ನ ತೆಳ್ಳಗೆ ಮಾಡತ್ತೆ. ಎರಡು ಕಾಲಿಂದ ಎಷ್ಟೆಷ್ಟು ಆಯಿಲ್ ಬಂತು ಅಂತನೂ ಬರ್ಕೊಳಿ, ವ್ಯತ್ಯಾಸ ಇದ್ರೆ ಅದೂ ಒಂದು ಸುಳಿವು.

ಸ್ಪ್ರಿಂಗ್ ಗುರುತಿಸೋದು

ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡಿರೋರು ಇದನ್ನ ಬಿಡಲೇಬೇಡಿ. ನನ್ನ ಗೆಳೆಯನ ಬೈಕ್ ಬಿಚ್ಚಿದಾಗ ಎರಡು ಸ್ಪ್ರಿಂಗನ್ನ ಬಟ್ಟೆಯಲ್ಲಿ ಒರೆಸಿ ಗ್ಯಾರೇಜ್ ನೆಲದ ಮೇಲೆ ಪಕ್ಕಪಕ್ಕ ಗೋಡೆಗೆ ತಾಗಿಸಿ ಮಲಗಿಸಿದ್ವಿ, ಒಂದು ಇನ್ನೊಂದಕ್ಕಿಂತ 6 ಎಂಎಂ ಗಿಡ್ಡ, ಸುತ್ತುಗಳ ಸಂಖ್ಯೆನೂ ಬೇರೆ. ಯಾರೋ ಯಾವತ್ತೋ ಒಂದೇ ಕಡೆ ಬೇರೆ ಸ್ಪ್ರಿಂಗ್ ಹಾಕಿಬಿಟ್ಟಿದ್ರು, ಅವನು ಎರಡು ವರ್ಷ ಅದರಲ್ಲೇ ಓಡಿಸಿದ್ದ. ಸ್ಪ್ರಿಂಗ್ ಯಾವಾಗಲೂ ಜೋಡಿಯಾಗಿಯೇ ಬದಲಾಯಿಸ್ಬೇಕು.

ಮೊದಲು ಕಣ್ಣಲ್ಲಿ ನೋಡಿ. ಸುತ್ತುಗಳ ನಡುವಿನ ಸಂದು ಉದ್ದಕ್ಕೂ ಒಂದೇ ಇದ್ರೆ ಲೀನಿಯರ್, ಒಂದು ಕಡೆ ಒತ್ತೊತ್ತಾಗಿ ಇನ್ನೊಂದು ಕಡೆ ಬಿಡಿಬಿಡಿಯಾಗಿದ್ರೆ ಪ್ರೋಗ್ರೆಸಿವ್, ಇದು ಶುರುವಿಗೆ ಮೆತ್ತಗಿದ್ದು ಒತ್ತುತ್ತಾ ಹೋದ ಹಾಗೆ ಗಟ್ಟಿಯಾಗತ್ತೆ. ಕಡೇ ಸುತ್ತಿನ ಮೇಲೆ ಬಣ್ಣದ ಗುರುತೋ ಕೆತ್ತಿದ ನಂಬರೋ ಇರಬಹುದು, ಆಫ್ಟರ್‌ಮಾರ್ಕೆಟ್ ಸ್ಪ್ರಿಂಗ್ ಆದ್ರೆ ಕೆಲವು ಸಲ ರೇಟ್ (ಬೆಲೆ ಅಲ್ಲ, ಸ್ಪ್ರಿಂಗಿನ ಗಟ್ಟಿತನದ ನಂಬರ್) ಅಲ್ಲೇ ಬರೆದಿರತ್ತೆ.

ಆಮೇಲೆ ಉದ್ದ. ಮ್ಯಾನುಯಲ್‌ನಲ್ಲಿ ಹೊಸ ಸ್ಪ್ರಿಂಗಿನ ಉದ್ದ ಮತ್ತೆ ಇದಕ್ಕಿಂತ ಕಮ್ಮಿ ಆದ್ರೆ ಬದಲಾಯಿಸಿ ಅನ್ನೋ ಲಿಮಿಟ್ ಕೊಟ್ಟಿರ್ತಾರೆ, ಬಹಳ ಬೈಕ್‌ಗಳಲ್ಲಿ ಅದು ಸುಮಾರು ಶೇಕಡಾ 2ರಷ್ಟು ಕಮ್ಮಿ. ಇಲ್ಲಿ ಒಂದು ವಿಷಯ ತಿಳ್ಕೊಳಿ, ಹಳೇದಾದ ಸ್ಪ್ರಿಂಗ್ ಗಿಡ್ಡ ಆಗತ್ತೆ ಆದ್ರೆ ಅದರ ಗಟ್ಟಿತನ ಹೆಚ್ಚುಕಮ್ಮಿ ಹಾಗೇ ಇರತ್ತೆ, ಕಬ್ಬಿಣದ ಗುಣ ಬದಲಾಗಲ್ಲ. ಗಿಡ್ಡ ಆಗಿದ್ದಕ್ಕೆ ಪ್ರೀಲೋಡ್, ಅಂದ್ರೆ ಕ್ಯಾಪ್ ಹಾಕಿದಾಗಲೇ ಸ್ಪ್ರಿಂಗ್ ಎಷ್ಟು ಒತ್ತಿ ಕೂತಿರತ್ತೋ ಅದು, ಕಮ್ಮಿ ಆಗಿ ಬೈಕು ಕೆಳಗೆ ಕೂರತ್ತೆ. ಅಂದ್ರೆ ಸ್ಪ್ರಿಂಗ್ ಹೊಸದಿದ್ದಾಗ ನಿಮ್ಮ ಭಾರಕ್ಕೆ ಸರಿಯಾಗಿತ್ತು ಅಂತಾದ್ರೆ ಅದೇ ಕಂಪನಿಯ ಹೊಸ ಸ್ಪ್ರಿಂಗ್ ಸಾಕು, ಹೊಸದಿದ್ದಾಗಲೇ ಮೆತ್ತಗಿತ್ತು ಅಂದ್ರೆ ಮಾತ್ರ ಗಟ್ಟಿಯದ್ದು ಹುಡುಕಿ.

ಈಗ ರೇಟ್, ಅಂದ್ರೆ ಒಂದು ಎಂಎಂ ಒತ್ತೋಕೆ ಎಷ್ಟು ಕೆಜಿ ಬೇಕು. ಎರಡು ದಾರಿ ಇದೆ, ಎರಡೂ ಮಾಡಿ ಹೊಂದಿಸಿ ನೋಡಿ.

ಮೊದಲನೇದು ತೂಕದ ಮೆಷಿನ್. ಸ್ಪ್ರಿಂಗ್ ಉದ್ದ ಇರೋದ್ರಿಂದ ಹಾಗೇ ಒತ್ತಿದ್ರೆ ಬಿಲ್ಲಿನ ಥರ ಬಾಗಿ ಹಾರಿ ಹೋಗತ್ತೆ, ಹಾಗಾಗಿ ಅದು ಸಲೀಸಾಗಿ ಕೂರೋ ಪಿವಿಸಿ ಪೈಪನ್ನ ಸ್ಪ್ರಿಂಗಿಗಿಂತ 100 ಎಂಎಂ ಗಿಡ್ಡ ಕತ್ತರಿಸಿ, ಅದರೊಳಗೆ ಸ್ಪ್ರಿಂಗ್ ಇಳಿಸಿ ಮೆಷಿನ್ ಮೇಲೆ ನಿಲ್ಲಿಸಿ, ಮೇಲಿಂದ ಮರದ ತುಂಡಲ್ಲಿ ಒತ್ತಿ. 20 ಎಂಎಂ ಒಳಗೆ ಹೋದಾಗ ಎಷ್ಟು, 70 ಹೋದಾಗ ಎಷ್ಟು ಅಂತ ಇನ್ನೊಬ್ರು ಬರ್ಕೊಳ್ಲಿ. 13 ಕೆಜಿ ಮತ್ತೆ 43 ಕೆಜಿ ಬಂತು ಅನ್ನಿ, ವ್ಯತ್ಯಾಸ 30, ಒತ್ತಿದ್ದು 50 ಎಂಎಂ, ರೇಟ್ 0.6 ಕೆಜಿ ಪ್ರತಿ ಎಂಎಂಗೆ. ಎರಡು ಅಳತೆಯ ವ್ಯತ್ಯಾಸ ತಗೊಳೋದ್ರಿಂದ ಪೈಪಿನ ತೂಕ ತಾನೇ ಕಳೆದು ಹೋಗತ್ತೆ. ಮೂರು ಸಲ ಮಾಡಿ. ಕನ್ನಡಕ ಹಾಕ್ಕೊಳಿ.

ಎರಡನೇದು ಲೆಕ್ಕ. ತಂತಿಯ ದಪ್ಪ, ಸ್ಪ್ರಿಂಗಿನ ಹೊರ ವ್ಯಾಸ, ಕೆಲಸ ಮಾಡೋ ಸುತ್ತುಗಳ ಸಂಖ್ಯೆ ಬೇಕು. ಎರಡೂ ತುದಿಯಲ್ಲಿ ಚಪ್ಪಟೆ ಉಜ್ಜಿ ಮುಚ್ಚಿರೋ ಸುತ್ತುಗಳನ್ನ ಲೆಕ್ಕಕ್ಕೆ ತಗೊಬೇಡಿ, ಒಟ್ಟು 32 ಇದ್ರೆ 30 ಹಿಡೀರಿ. ಹೊರ ವ್ಯಾಸದಿಂದ ತಂತಿ ದಪ್ಪ ಕಳೆದ್ರೆ ಸರಾಸರಿ ವ್ಯಾಸ. ತಂತಿ ದಪ್ಪವನ್ನ ಅದರಿಂದಲೇ ನಾಲ್ಕು ಸಲ ಗುಣಿಸಿದ್ದನ್ನ 78,500ರಿಂದ ಗುಣಿಸಿ, ಇದು ಸ್ಪ್ರಿಂಗ್ ಸ್ಟೀಲಿನ ಶಿಯರ್ ಮಾಡ್ಯುಲಸ್, ನ್ಯೂಟನ್ ಪ್ರತಿ ಚದರ ಎಂಎಂ ಲೆಕ್ಕದಲ್ಲಿ. ನಾಲ್ಕು ಸಲ ಅಂದ್ರೆ ದಪ್ಪ × ದಪ್ಪ × ದಪ್ಪ × ದಪ್ಪ. ಬಂದಿದ್ದನ್ನ 8 × ಸರಾಸರಿ ವ್ಯಾಸದ ಘನ × ಸುತ್ತುಗಳ ಸಂಖ್ಯೆಯಿಂದ ಭಾಗಿಸಿ. ತಂತಿ 4.5, ಹೊರ ವ್ಯಾಸ 32.5, ಅಂದ್ರೆ ಸರಾಸರಿ 28, ಸುತ್ತು 30 ಅಂತ ಹಾಕಿದ್ರೆ 6.1 ನ್ಯೂಟನ್ ಪ್ರತಿ ಎಂಎಂಗೆ, 9.81ರಿಂದ ಭಾಗಿಸಿದ್ರೆ 0.62 ಕೆಜಿ. ಮೆಷಿನ್ ಕೊಟ್ಟ 0.6ಕ್ಕೆ ಹತ್ತಿರ ಇದೆ, ನಂಬಬಹುದು. ಇವು ಲೆಕ್ಕ ಅರ್ಥ ಆಗ್ಲಿ ಅಂತ ಹಿಡಿದ ನಂಬರ್, ನಿಮ್ಮ ಸ್ಪ್ರಿಂಗಿಂದು ನೀವೇ ಅಳೀರಿ.

ತಂತಿ ದಪ್ಪ ಅಳೀವಾಗ ವಿಪರೀತ ಜಾಗ್ರತೆ ಬೇಕು. 4.5 ಇರೋದನ್ನ 4.6 ಅಂತ ಓದಿದ್ರೆ, ನಾಲ್ಕು ಸಲ ಗುಣಿಸೋದ್ರಿಂದ, ಉತ್ತರ ಶೇಕಡಾ 9 ಜಾಸ್ತಿ ಆಗ್ಬಿಡತ್ತೆ. ಆಯಿಲ್ ಪೂರ್ತಿ ಒರೆಸಿ, ಮೇಲೆ ಪೇಂಟ್ ಇದ್ರೆ ಅದನ್ನ ಬಿಟ್ಟು, ವರ್ನಿಯರ್ ದವಡೆ ತಂತಿಗೆ ಅಡ್ಡಲಾಗಿ ಕೂರಿಸಿ ನಾಲ್ಕೈದು ಕಡೆ ಅಳೀರಿ. ಪ್ರೋಗ್ರೆಸಿವ್ ಸ್ಪ್ರಿಂಗಿಗೆ ಈ ಲೆಕ್ಕದಿಂದ ಒಂದೇ ಉತ್ತರ ಬರಲ್ಲ, ಅದಕ್ಕೆ ಮೆಷಿನ್ ಮೇಲೆ 20, 40, 60, 80 ಹೀಗೆ ಅಳೆದು ಎಲ್ಲಿ ರೇಟ್ ಏರತ್ತೆ ಅಂತ ನೋಡೋದೇ ಸರಿ.

ಎಷ್ಟು ಗಟ್ಟಿ ಬೇಕು

0.6ರ ಸ್ಪ್ರಿಂಗ್ ಎರಡು, ಒಟ್ಟು 1.2. ಮುಂದೆ 110 ಕೆಜಿ ಬಿದ್ರೆ 92 ಎಂಎಂ ಒತ್ತತ್ತೆ, ಅದರಲ್ಲಿ 20 ಎಂಎಂ ಮೊದಲೇ ಪ್ರೀಲೋಡ್ ಕೊಟ್ಟು ಕೂರಿಸಿದ್ರೆ ಸ್ಯಾಗ್ 72. ನಮಗೆ ಬೇಕಾಗಿರೋದು 60. ಹಾಗಾದ್ರೆ 110ನ 60 ಪ್ಲಸ್ 20ರಿಂದ ಭಾಗಿಸಿ, ಒಟ್ಟು 1.375, ಒಂದೊಂದು ಸ್ಪ್ರಿಂಗಿಗೆ 0.69, ಅಂದ್ರೆ 0.70ರದ್ದು ತಗೊಳಿ. ಫೋರ್ಕಿನ ಓರೆ, ಒಳಗಿನ ಗಾಳಿ ಒತ್ತಡ ಇದರಲ್ಲಿ ಸೇರಿಲ್ಲ, ಆದ್ರೂ ಅಂಗಡಿಯಲ್ಲಿ ಯಾವುದು ಕೇಳ್ಬೇಕು ಅಂತ ಗೊತ್ತಾಗೋಕೆ ಇದು ಸಾಕು.

"ಬರೀ ಸ್ಪೇಸರ್ ಉದ್ದ ಮಾಡಿದ್ರೆ ಆಗಲ್ವಾ" ಅಂತ ಕೇಳ್ತಾರೆ. 12 ಎಂಎಂ ಪ್ರೀಲೋಡ್ ಜಾಸ್ತಿ ಕೊಟ್ರೆ ಹಳೇ ಸ್ಪ್ರಿಂಗಲ್ಲೂ ಸ್ಯಾಗ್ 60ಕ್ಕೆ ಬರತ್ತೆ, ನಿಜ. ಆದ್ರೆ ಪ್ರೀಲೋಡ್ ಎತ್ತರ ಬದಲಾಯಿಸತ್ತೆ, ಗಟ್ಟಿತನ ಬದಲಾಯಿಸಲ್ಲ. ಬ್ರೇಕ್ ಹಿಡಿದು ಮುಂದೆ ಇನ್ನೂ 60 ಕೆಜಿ ಬಿದ್ದಾಗ 1.2ರದ್ದು ಮತ್ತೆ 50 ಎಂಎಂ ಕುಸಿಯತ್ತೆ, 1.4ರದ್ದು 43. ಪ್ರತಿ ತಿರುವಲ್ಲೂ ಈ 7 ಎಂಎಂ ಉಳಿಯತ್ತೆ, ಘಾಟಿಯಲ್ಲಿ ಇದು ಕೈಗೆ ಗೊತ್ತಾಗತ್ತೆ. ಸ್ಯಾಗ್ ಐದೋ ಎಂಟೋ ಎಂಎಂ ಮಾತ್ರ ಜಾಸ್ತಿ ಇದೆ, ತಳ ಮುಟ್ತಿಲ್ಲ ಅನ್ನೋರಿಗೆ ಸ್ಪೇಸರ್ ಸಾಕು, ಅವರು ಸುಮ್ನೆ ಸ್ಪ್ರಿಂಗಿಗೆ ದುಡ್ಡು ಹಾಕೋದು ಬೇಡ.

ಕೊಳ್ಳೋ ಮುಂಚೆ ಇನ್ನೊಂದು ಲೆಕ್ಕ, ಯಾರೂ ಮಾಡಲ್ಲ ಇದನ್ನ. ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಸುತ್ತುಗಳು ಒಂದಕ್ಕೊಂದು ಅಂಟಿ ಕಬ್ಬಿಣದ ಕೊಳವೆ ಆಗ್ಬಿಡತ್ತೆ, ಆ ಉದ್ದ ಅಂದ್ರೆ ಒಟ್ಟು ಸುತ್ತು × ತಂತಿ ದಪ್ಪ. ಸ್ಪ್ರಿಂಗಿನ ಪೂರ್ತಿ ಉದ್ದದಿಂದ ಅದನ್ನ ಕಳೆದ್ರೆ ಉಳಿಯೋದು ಟ್ರಾವೆಲ್ ಪ್ಲಸ್ ಪ್ರೀಲೋಡ್‌ಗಿಂತ, ಅಂದ್ರೆ ಇಲ್ಲಿ 220ಕ್ಕಿಂತ, ಜಾಸ್ತಿ ಇರಲೇಬೇಕು. 420 ಎಂಎಂ ಉದ್ದ, 4.5ರ ತಂತಿ, 32 ಸುತ್ತು ಆದ್ರೆ 144 ಕಳೆದು 276, ಆರಾಮ. ಅದೇ ಉದ್ದದಲ್ಲಿ 5 ಎಂಎಂ ತಂತಿ 42 ಸುತ್ತು ಅಂದ್ರೆ 210 ಕಳೆದು 210 ಉಳೀತು, ತಳ ಮುಟ್ಟೋ ಮುಂಚೆನೇ ಸ್ಪ್ರಿಂಗ್ ಸ್ಪ್ರಿಂಗಿಗೇ ಬಡೀತು. ಗಿಡ್ಡ ಟ್ರಾವೆಲ್ ಬೈಕಿನ ಸ್ಪ್ರಿಂಗ್ ಇದಕ್ಕೆ ಹಾಕ್ಬಾರದು ಅಂದಿದ್ದು ಇದಕ್ಕೇ.

ಸ್ಪೇಸರ್ ಹೊಂದಿಸೋದು

ಹೊಸ ಸ್ಪ್ರಿಂಗ್ ಹಳೇದರಷ್ಟೇ ಉದ್ದ ಇರಬೇಕು ಅಂತಿಲ್ಲ. ಆಯಿಲ್ ಇಲ್ಲದ ಫೋರ್ಕ್‌ನ ಪೂರ್ತಿ ಚಾಚಿ, ಸ್ಪ್ರಿಂಗ್, ವಾಷರ್, ಸ್ಪೇಸರ್ ಇಳಿಸಿ, ಸ್ಪೇಸರ್ ಪೈಪಿನ ಬಾಯಿಂದ ಎಷ್ಟು ಮೇಲೆ ಬಂದಿದೆ ನೋಡಿ. ಅದಕ್ಕೆ ಕ್ಯಾಪ್ ಪೈಪಿನೊಳಗೆ ಎಷ್ಟು ಆಳ ಹೋಗತ್ತೋ ಅಷ್ಟು ಸೇರಿಸಿ, ಅದೇ ಪ್ರೀಲೋಡ್. 5 ಮೇಲೆ ಬಂದು ಕ್ಯಾಪ್ 15 ಒಳಗೆ ಹೋದ್ರೆ 20. ಸ್ಪೇಸರ್ ಕಡಿದು ಕಮ್ಮಿ ಮಾಡಬಹುದು, ಕಡಿದದ್ದು ಉದ್ದ ಆಗಲ್ಲ, ಹಾಗಾಗಿ 5 ಎಂಎಂ ಜಾಸ್ತಿ ಇಟ್ಟೇ ಶುರು ಮಾಡಿ. ಅಲ್ಯೂಮಿನಿಯಂ ಪೈಪ್ ಒಳ್ಳೇದು, ದಪ್ಪ ಗೋಡೆಯ ನೀರಿನ ಪಿವಿಸಿ ಪೈಪೂ ನಡಿಯತ್ತೆ, ವೈರಿಂಗಿಗೆ ಹಾಕೋ ತೆಳು ಪೈಪ್ ಬೇಡವೇ ಬೇಡ. ಎರಡೂ ತುದಿ ನೇರವಾಗಿ ಕಡಿದು, ಉಪ್ಪು ಕಾಗದದಲ್ಲಿ ಉಜ್ಜಿ, ಪುಡಿ ಪೂರ್ತಿ ತೊಳೀರಿ. ಸ್ಪ್ರಿಂಗ್ ಮತ್ತೆ ಸ್ಪೇಸರ್ ನಡುವೆ ವಾಷರ್ ಇಲ್ಲ ಅಂದ್ರೆ ಸ್ಪ್ರಿಂಗ್ ತುದಿ ಪಿವಿಸಿನ ತಿನ್ನತ್ತೆ.

ಆಯಿಲ್

ಗ್ರೇಡ್ ಮ್ಯಾನುಯಲ್ ಹೇಳಿದ್ದೇ ಹಾಕಿ ಶುರು ಮಾಡಿ. ಒಂದು ಕಂಪನಿಯ 10ಡಬ್ಲ್ಯೂ ಇನ್ನೊಂದು ಕಂಪನಿಯ 10ಡಬ್ಲ್ಯೂ ಒಂದೇ ದಪ್ಪ ಇರಲ್ಲ, ಹೋಲಿಸ್ಬೇಕು ಅಂದ್ರೆ 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಅಳತೆ) ಅಂತ ಡೇಟಾ ಶೀಟಲ್ಲಿ ನೋಡಿ. ಗಟ್ಟಿ ಸ್ಪ್ರಿಂಗ್ ಹಾಕಿದಾಗ ಅದು ವಾಪಸ್ ಚಿಮ್ಮೋದೂ ಜೋರು, ಸ್ವಲ್ಪ ದಪ್ಪ ಆಯಿಲ್ ಬೇಕಾಗಬಹುದು, ಆದ್ರೆ ಇಂಥ ಡ್ಯಾಂಪರ್ ರಾಡ್ ಫೋರ್ಕಲ್ಲಿ (ಒಳಗಿನ ರಾಡಿನ ತೂತುಗಳಲ್ಲಿ ಆಯಿಲ್ ಹಾಯೋ ಸಾದಾ ಫೋರ್ಕ್) ಆಯಿಲ್ ದಪ್ಪ ಮಾಡಿದ್ರೆ ಒತ್ತೋದೂ ಚಾಚೋದೂ ಎರಡೂ ಬಿಗಿಯಾಗತ್ತೆ, ಹಾಗಾಗಿ ಮೊದಲು ಓಡಿಸಿ ನೋಡಿ ಆಮೇಲೆ ಒಂದೊಂದೇ ಹೆಜ್ಜೆ ಏರಿಸಿ.

ನಿಧಾನಕ್ಕೆ ಸುರಿದು, ಪೈಪನ್ನ ಮೇಲೆ ಕೆಳಗೆ ಮಾಡ್ತಾ ಗುಳ್ಳೆ ಬರೋದು ನಿಲ್ಲೋವರೆಗೂ ಪಂಪ್ ಮಾಡಿ, ಹತ್ತು ನಿಮಿಷ ಬಿಡಿ. ಲೆವೆಲ್ ಅಳೀವಾಗ ಸ್ಪ್ರಿಂಗ್ ಹೊರಗಿರಬೇಕು, ಫೋರ್ಕ್ ಪೂರ್ತಿ ಒತ್ತಿರಬೇಕು, ನೆಟ್ಟಗೆ ನಿಂತಿರಬೇಕು, ಪೈಪಿನ ಬಾಯಿಂದ ಆಯಿಲ್ ಮೇಲ್ಮೈವರೆಗಿನ ಖಾಲಿ ಜಾಗವೇ ಅಳತೆ. ಸ್ವಲ್ಪ ಜಾಸ್ತಿನೇ ಸುರಿದು, ಸಿರಿಂಜಿನ ಟ್ಯೂಬನ್ನ ಬೇಕಾದ ಆಳಕ್ಕೆ ಗುರುತು ಮಾಡಿ ಇಳಿಸಿ, ಗಾಳಿ ಎಳೆಯೋವರೆಗೂ ಹೀರಿ. ಎರಡೂ ಕಾಲು 1 ಎಂಎಂ ಒಳಗೆ ಸಮ ಇರಬೇಕು. ಆ ಖಾಲಿ ಜಾಗದ ಗಾಳಿನೂ ಒಂದು ಸ್ಪ್ರಿಂಗೇ, ಫೋರ್ಕ್ ಒತ್ತಿದಾಗ ಅದು ಕುಗ್ಗಿ ಕೊನೇ ಭಾಗದಲ್ಲಿ ಗಟ್ಟಿಯಾಗತ್ತೆ. 41 ಎಂಎಂ ಪೈಪಲ್ಲಿ 10 ಎಂಎಂ ಲೆವೆಲ್ ಅಂದ್ರೆ ಸುಮಾರು 10-11 ಎಂಎಲ್ ಅಷ್ಟೇ, ಆದ್ರೂ ತಳ ಮುಟ್ಟೋ ಹತ್ರ ವ್ಯತ್ಯಾಸ ಗೊತ್ತಾಗತ್ತೆ. ಜಾಸ್ತಿ ತುಂಬಿಸಿದ್ರೆ ಸೀಲ್ ಹೊರಗೆ ತಳ್ಳತ್ತೆ, ಆಸೆ ಪಡ್ಬೇಡಿ.

ವಾಪಸ್ ಜೋಡಣೆ

ಪೈಪ್ ಚಾಚಿ, ಸ್ಪ್ರಿಂಗನ್ನ ತಿರುಗಿಸ್ತಾ ಮೆಲ್ಲಗೆ ಇಳಿಸಿ, ಧುಪ್ ಅಂತ ಬಿಟ್ರೆ ಆಯಿಲ್ ಚಿಮ್ಮಿ ಅಳೆದ ಲೆವೆಲ್ ಹಾಳು. ಪ್ರೋಗ್ರೆಸಿವ್ ಆದ್ರೆ ಒತ್ತು ಸುತ್ತು ಮೇಲೋ ಕೆಳಗೋ ಅನ್ನೋದು ತಯಾರಕರು ಹೇಳಿದ ಹಾಗೆ, ಎರಡೂ ಕಾಲಲ್ಲಿ ಒಂದೇ ಥರ. ಹೊಸ ಓ-ರಿಂಗಿಗೆ ಆಯಿಲ್ ಸವರಿ, ಕ್ಯಾಪ್ ಇಟ್ಟು ಕೆಳಗೆ ಅದುಮ್ತಾ ಮೊದಲು ಉಲ್ಟಾ ತಿರುಗಿಸಿ, ಥ್ರೆಡ್ 'ಟಕ್' ಅಂತ ಕೂತದ್ದು ಬೆರಳಿಗೆ ಗೊತ್ತಾಗತ್ತೆ, ಆಗ ಮುಂದಕ್ಕೆ ತಿರುಗಿಸಿ. ಎರಡು ಮೂರು ಸುತ್ತು ಕೈಯಲ್ಲೇ ಹೋಗ್ಬೇಕು, ಸ್ಪ್ಯಾನರ್ ಹಾಕಿ ಶುರು ಮಾಡಿದ್ರೆ ಕ್ರಾಸ್ ಥ್ರೆಡ್ ಗ್ಯಾರಂಟಿ.

ಫೋರ್ಕ್ ಬರೆದಿಟ್ಟ ಎತ್ತರಕ್ಕೆ ಏರಿಸಿ ಮೊದಲು ಬಾಟಮ್ ಟಿ ಬೋಲ್ಟ್ ಟಾರ್ಕ್, ಆಮೇಲೆ ಕ್ಯಾಪ್, ಕೊನೆಗೆ ಟಾಪ್ ಟಿ. ಮಡ್‌ಗಾರ್ಡು, ಚಕ್ರ, ಕ್ಯಾಲಿಪರ್, ಸೆನ್ಸರ್. ಆಕ್ಸಲ್ ಪೂರ್ತಿ ಬಿಗಿ ಮಾಡೋ ಮುಂಚೆ ಬೈಕ್ ಕೆಳಗಿಳಿಸಿ ಹಿಂದಿನ ಬ್ರೇಕ್ ಹಿಡಿದು ಮುಂಭಾಗನ ನಾಲ್ಕೈದು ಸಲ ಜೋರಾಗಿ ಅದುಮಿ, ಎರಡೂ ಕಾಲು ತಮ್ಮ ಜಾಗಕ್ಕೆ ತಾವೇ ಬಂದು ಕೂರ್ತಾವೆ, ಆಮೇಲೆ ಬಿಗಿ ಮಾಡಿ. ಇದನ್ನ ಬಿಟ್ರೆ ಎಷ್ಟು ಒಳ್ಳೇ ಸ್ಪ್ರಿಂಗ್ ಹಾಕಿದ್ರೂ ಫೋರ್ಕ್ ಕಚ್ಚಿ ಹಿಡೀತಾನೇ ಇರತ್ತೆ.

ಬೈಕ್ ಮೇಲೆ ಕೂರೋ ಮುಂಚೆ ಬ್ರೇಕ್ ಲಿವರ್ ಗಟ್ಟಿಯಾಗೋವರೆಗೂ ಪಂಪ್ ಮಾಡಿ. ಕ್ಯಾಲಿಪರ್ ತೆಗೆದು ಹಾಕಿದ ಮೇಲೆ ಮೊದಲ ಎರಡು ಸಲ ಲಿವರ್ ಹ್ಯಾಂಡಲ್‌ವರೆಗೂ ಬರಬಹುದು, ಗೇಟಿಂದ ಹೊರಗೆ ಬಂದ ಮೇಲೆ ಅದು ಗೊತ್ತಾಗಬಾರದು. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಯಾವ ವೈರೂ ಕೇಬಲ್ಲೂ ಎಳೀತಿಲ್ಲ ಅಂತ ನೋಡಿ. ಹೊರಟ ಮೇಲೆ ಎಬಿಎಸ್ ಲೈಟ್ ಆರಬೇಕು.

ಈಗ ಮತ್ತೆ ಸ್ಯಾಗ್ ಅಳೀರಿ, ಅದೇ ಬಟ್ಟೆ, ಅದೇ ಲಗೇಜು. 50ಕ್ಕಿಂತ ಕಮ್ಮಿ ಬಂದ್ರೆ ಸ್ಪೇಸರ್ 5 ಎಂಎಂ ಕಡೀರಿ. ಜಿಪ್ ಟೈ ಕೆಳಗೆ ತಳ್ಳಿ ಮೊದಲು ಹೋಗಿದ್ದ ರಸ್ತೆಗೇ ಹೋಗಿ, ಹೊಸ ರಸ್ತೆಯಲ್ಲಿ ಹೋಲಿಕೆ ಸಿಗಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಸ್ಪೇಸರ್ ಆಯಿಲ್ ಎರಡೂ ಒಟ್ಟಿಗೆ ಮುಟ್ಟಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಹಂಪ್ ದಾಟಿದ ಮೇಲೆ ಮುಂಭಾಗ ಒಂದೇ ಸಲ ಎದ್ದು ಕೂತ್ರೆ ಸರಿ, ಎರಡು ಮೂರು ಸಲ ಮೇಲೆ ಕೆಳಗೆ ಆಡ್ತಿದ್ರೆ ಆಗ ಆಯಿಲ್ ಒಂದು ಹಂತ ದಪ್ಪ ಮಾಡಿ. ಮುಂಭಾಗ ಎತ್ತರ ಆಗಿರೋದ್ರಿಂದ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡಿಯತ್ತೆ, ರಾತ್ರಿ ಗೋಡೆ ಮುಂದೆ ನಿಲ್ಲಿಸಿ ಇಳಿಸ್ಕೊಳಿ. 200-300 ಕಿಲೋಮೀಟರ್ ಆದ ಮೇಲೆ ಸೀಲ್ ಹತ್ರ ಬೆರಳಾಡಿಸಿ ಆಯಿಲ್ ಜಿನುಗ್ತಿದೆಯಾ ನೋಡಿ, ಬೋಲ್ಟ್‌ಗಳ ಟಾರ್ಕ್ ಇನ್ನೊಂದು ಸಲ ಚೆಕ್ ಮಾಡಿ.

ಹಳೇ ಆಯಿಲ್ ಚರಂಡಿಗೆ ಸುರೀಬೇಡಿ, ಬಾಟಲಿಗೆ ತುಂಬಿ ಹತ್ರದ ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಕೊಡಿ. ಹಳೇ ಸ್ಪ್ರಿಂಗು ಸ್ಪೇಸರ್‌ಗೆ ಆಯಿಲ್ ಸವರಿ ಪೇಪರಲ್ಲಿ ಸುತ್ತಿ, ಅಳೆದ ಉದ್ದ, ರೇಟ್, ತಾರೀಖು ಬರೆದ ಚೀಟಿ ಕಟ್ಟಿ ಎತ್ತಿಡಿ, ನಾಳೆ ಬೈಕ್ ಮಾರಿದ್ರೆ ತಗೊಳೋರಿಗೆ ಜೊತೆಗೇ ಕೊಡಬಹುದು.